ಹಳೇ ಟ್ರಾಕ್ಟರಿನ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ: ಡೈನಮೋ ರಿಪೇರಿಯೋ, ಕಟೌಟ್ ಬದಲೋ, ಆಲ್ಟರ್ನೇಟರೋ?

ಬೆಳಗ್ಗೆ ಸೆಲ್ಫ್ ಹೊಡೆದರೆ ‘ಟಕ್’ ಅಂದು ಸುಮ್ಮನಾಗುತ್ತದೆ. ನಾಲ್ಕು ಜನ ತಳ್ಳಿ ಎಬ್ಬಿಸಿದರೆ ಸಂಜೆವರೆಗೂ ಗಾಡಿ ಚೆನ್ನಾಗಿಯೇ ಓಡುತ್ತದೆ, ಮರುದಿನ ಮತ್ತೆ ಅದೇ ಪಾಡು. ಮಹೀಂದ್ರ ಬಿ-275, ಹಳೇ ಮ್ಯಾಸಿ 1035, ಫೋರ್ಡ್ 3000 ಕಾಲದ ಗಾಡಿ ಇಟ್ಟುಕೊಂಡವರಿಗೆ ಇದು ಹೊಸದಲ್ಲ. ಪೇಟೆಗೆ ಹೋದರೆ ರಿವೈಂಡಿಂಗ್ (ಸುಟ್ಟ ತಂತಿ ಸುರುಳಿ ಮತ್ತೆ ಸುತ್ತುವ) ಅಂಗಡಿಯವರು ‘ಆರ್ಮೇಚರ್ (ಡೈನಮೋದೊಳಗೆ ತಿರುಗುವ ಸುರುಳಿ) ಹೋಗಿದೆ’ ಅನ್ನುತ್ತಾರೆ, ಸ್ಪೇರ್ಸ್ ಅಂಗಡಿಯವರು ‘ಹೊಸ ಕಟೌಟ್ ಹಾಕಿ’ ಅನ್ನುತ್ತಾರೆ, ಆಟೊ ಎಲೆಕ್ಟ್ರಿಷಿಯನ್ನು ‘ಡೈನಮೋ ಬಿಸಾಕಿ, ಆಲ್ಟರ್ನೇಟರ್ (ಹೊಸ ಗಾಡಿಗಳಲ್ಲಿ ಡೈನಮೋದ ಕೆಲಸ ಮಾಡುವ ಯಂತ್ರ) ಕೂರಿಸಿ’ ಅನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರ ಬಳಿ ಇರುವ ಮದ್ದನ್ನು ಅವರವರು ಕೊಡುತ್ತಿದ್ದಾರೆ, ಅಷ್ಟೆ.

ಎಂಜಿನ್ನಿನ ಬೆಲ್ಟಿನಿಂದ ತಿರುಗಿ ಬ್ಯಾಟರಿಗೆ ಕರೆಂಟ್ ಹುಟ್ಟಿಸುವುದು ಡೈನಮೋ. ಇಲ್ಲಿ ಹೇಳುವುದೆಲ್ಲ ಲೂಕಾಸ್ ಮಾದರಿಯ 12 ವೋಲ್ಟಿನ, ಎರಡು ಬ್ರಷ್ಷಿನ (ತಿರುಗುವ ಭಾಗದಿಂದ ಕರೆಂಟ್ ತೆಗೆಯುವ ಇಂಗಾಲದ ತುಂಡು) ಡೈನಮೋಗೆ ಸಂಬಂಧಿಸಿದ್ದು. ಬ್ರಿಟಿಷ್ ವಿನ್ಯಾಸದ ಟ್ರಾಕ್ಟರುಗಳ ಜೊತೆಗೇ ಇದು ಇಲ್ಲಿಗೆ ಬಂತು. 1961ರಲ್ಲಿ ಲೂಕಾಸ್ ಟಿವಿಎಸ್ ಶುರುವಾದ ಮೇಲೆ ಬಿಡಿಭಾಗಗಳು ಚೆನ್ನೈ ಕಡೆಯಿಂದಲೇ ಸಿಗತೊಡಗಿದವು. ಮೈಮೇಲೆ ಸಿ39, ಸಿ40 ಎಂಬ ಗುರುತು, ಹಿಂಬದಿ ಮುಚ್ಚಳದಲ್ಲಿ ದೊಡ್ಡ ಡಿ ಟರ್ಮಿನಲ್, ಸಣ್ಣ ಎಫ್ ಟರ್ಮಿನಲ್ ಕಂಡರೆ ಇದೇ ಜಾತಿ. ಜೊತೆಗಿರುವ ಕಪ್ಪು ಪೆಟ್ಟಿಗೆಯೊಳಗೆ ಕಟೌಟ್ (ಡೈನಮೋ ನಿಂತಾಗ ಬ್ಯಾಟರಿಯ ಕರೆಂಟ್ ಹಿಂದಕ್ಕೆ ಹರಿಯದಂತೆ ತಡೆಯುವ ಸ್ವಿಚ್ಚು) ಮತ್ತು ವೋಲ್ಟೇಜ್ ರೆಗ್ಯುಲೇಟರ್ (ವೋಲ್ಟೇಜು ಮಿತಿ ಮೀರದಂತೆ ಹಿಡಿಯುವುದು) ಎರಡೂ ಇವೆ. ನಮ್ಮ ಕಡೆ ಇಡೀ ಪೆಟ್ಟಿಗೆಯನ್ನೇ ‘ಕಟೌಟ್’ ಅನ್ನುವ ರೂಢಿ. ಗೊಂದಲ ಬೇಡವೆಂದು ಇಲ್ಲಿ ಅದನ್ನು ರೆಗ್ಯುಲೇಟರ್ ಪೆಟ್ಟಿಗೆ ಎಂದೇ ಕರೆದಿದೆ.

ಮೊದಲು ಲೆಕ್ಕ: ನಿಮಗೆ ಎಷ್ಟು ಕರೆಂಟ್ ಬೇಕು?

ಆಯ್ಕೆಯನ್ನು ನಿರ್ಧರಿಸಬೇಕಾದ ಮೊದಲ ಪ್ರಶ್ನೆ ಇದು, ಜನ ಕೊನೆಗೆ ಕೇಳುವುದೂ ಇದನ್ನೇ. ಡೀಸೆಲ್ ಎಂಜಿನ್ನು ಒಮ್ಮೆ ಎದ್ದ ಮೇಲೆ ಅದಕ್ಕೆ ಕರೆಂಟಿನ ಹಂಗಿಲ್ಲ. ಸೆಲ್ಫ್ ಮೋಟಾರು 250 ಆ್ಯಂಪ್ ಎಳೆದರೂ ಹತ್ತು ಸೆಕೆಂಡಿಗೆ ಖರ್ಚಾಗುವುದು 0.7 ಆ್ಯಂಪ್-ಅವರ್ ಮಾತ್ರ. 88 ಆ್ಯಂಪ್-ಅವರಿನ ಬ್ಯಾಟರಿಗೆ ಇದು ಕೊಡದಿಂದ ಒಂದು ಲೋಟ ನೀರು ತೆಗೆದ ಹಾಗೆ. ಹಗಲು ಉಳುಮೆ, ಸಂಜೆ ಮನೆ ಅನ್ನುವ ಗಾಡಿಗೆ ಒಂದು ಆ್ಯಂಪ್ ಚಾರ್ಜ್ ಆದರೂ ಗಂಟೆಯೊಳಗೆ ಸಾಲ ತೀರುತ್ತದೆ.

ಬ್ಯಾಟರಿಯನ್ನು ತಿನ್ನುವುದು ರಾತ್ರಿ ದೀಪ. 45 ವಾಟಿನ ಎರಡು ಹೆಡ್‌ಲೈಟು, 5 ವಾಟಿನ ಎರಡು ಸೈಡು, ಎರಡು ಟೈಲು, ಟ್ರೈಲರಿಗೆ ಇನ್ನೆರಡು: ಒಟ್ಟು 120 ವಾಟ್, ಅಂದರೆ 10 ಆ್ಯಂಪ್. ಹಿಂದಕ್ಕೆ 35 ವಾಟಿನ ಉಳುಮೆ ದೀಪ ಸೇರಿದರೆ 13 ಆ್ಯಂಪ್. ಈಗ ಡೈನಮೋ ಕಡೆ ನೋಡಿ. ಸಿ40-1 ಎಂಬ ಗಾಳಿಕಿಂಡಿ ಇರುವ ಬಗೆ ಹೆಚ್ಚೆಂದರೆ 22 ಆ್ಯಂಪ್ ಕೊಡುತ್ತದೆ. ಧೂಳು ಹೋಗದಂತೆ ಪೂರ್ತಿ ಮುಚ್ಚಿದ ಟ್ರಾಕ್ಟರ್ ಬಗೆಯದು 11 ಆ್ಯಂಪಿನದು. ಅದೂ ವೇಗವಿದ್ದಾಗ. ಡೈನಮೋ ನಿಮಿಷಕ್ಕೆ ಸುಮಾರು 1450 ಸುತ್ತು ತಿರುಗುವವರೆಗೆ ಚಾರ್ಜೇ ಶುರುವಾಗುವುದಿಲ್ಲ, ಪೂರ್ತಿ 22 ಆ್ಯಂಪಿಗೆ 2000 ದಾಟಬೇಕು. ಐಡಲಿನಲ್ಲಿ ಸಿಗುವುದು ಸೊನ್ನೆ.

ಹಾಗಾಗಿ ಕಬ್ಬು ತುಂಬಿಕೊಂಡು ಕಾರ್ಖಾನೆ ಮುಂದೆ ಸರದಿಯಲ್ಲಿ ದೀಪ ಹಾಕಿ ಮೂರು ಗಂಟೆ ಐಡಲ್ ನಿಂತ ಗಾಡಿ 30 ಆ್ಯಂಪ್-ಅವರ್ ಕಳೆದುಕೊಂಡಿರುತ್ತದೆ. ಅದರ ಡೈನಮೋದಲ್ಲಿ ದೋಷವೇನೂ ಇರಬೇಕಾಗಿಲ್ಲ. ಇಂಥ ಗಾಡಿಗೆ ರಿವೈಂಡಿಂಗ್ ಮಾಡಿಸಿದರೆ ಹಣ ಹೋಗುತ್ತದೆ, ಪಾಡು ಉಳಿಯುತ್ತದೆ.

ಉಳಿದ ಅಳತೆಗೋಲುಗಳು ಚಿಕ್ಕವು. ದೋಷ ನಿಜವಾಗಿ ಎಲ್ಲಿದೆ? ಬ್ಯಾಟರಿಯ ಯಾವ ತುದಿ ಚಾಸಿಗೆ ಅರ್ತ್ ಆಗಿದೆ, ಅಂದರೆ ಗಾಡಿಯ ಲೋಹದ ಮೈಗೆ ಜೋಡಿಸಿದೆ? ನಿಮ್ಮ ಸುತ್ತಮುತ್ತ ಇಪ್ಪತ್ತು ಕಿಲೋಮೀಟರಿನೊಳಗೆ ಯಾವ ಕೆಲಸ ಬಲ್ಲವರಿದ್ದಾರೆ? ಗಾಡಿ ದುಡಿಮೆಗೋ, ಅಜ್ಜನ ಕಾಲದ್ದೆಂದು ಇದ್ದ ಹಾಗೇ ಉಳಿಸಿಕೊಳ್ಳುವುದಕ್ಕೋ?

ಅರ್ಧ ಗಂಟೆಯ ಪರೀಕ್ಷೆ

ಒಂದು ಮಲ್ಟಿಮೀಟರು, ಎರಡು ಸ್ಪ್ಯಾನರು, ಒಂದಡಿ ತಂತಿ ಸಾಕು. ಮುಳ್ಳಿನ ಮೀಟರು ಸಿಕ್ಕರೆ ಇನ್ನೂ ಒಳ್ಳೆಯದು. ರೆಗ್ಯುಲೇಟರಿನ ಪಾಯಿಂಟುಗಳು (ಕೂಡಿ ಬಿಡುವ ಸಂಪರ್ಕದ ತುದಿಗಳು) ಸದಾ ಮಿಡಿಯುತ್ತಿರುವುದರಿಂದ ಡಿಜಿಟಲ್ ಮೀಟರಿನ ಅಂಕಿ ನಿಲ್ಲದೆ ಕುಣಿಯುತ್ತದೆ.

ಬ್ಯಾಟರಿಯಿಂದ ಶುರು ಮಾಡಿ. ಹೊರಗಿನ ಚಾರ್ಜರಿನಿಂದ ತುಂಬಿಸಿ, ರಾತ್ರಿ ಹಾಗೇ ಬಿಟ್ಟು, ಬೆಳಗ್ಗೆ ಅಳೆದರೆ 12.6 ವೋಲ್ಟ್ ಆಸುಪಾಸು ಇರಬೇಕು. 12.2ಕ್ಕೆ ಇಳಿದಿದ್ದರೆ, ಅಥವಾ ಒಂದು ಸೆಲ್ಲಿನ ಹೈಡ್ರೋಮೀಟರ್ (ಆ್ಯಸಿಡ್ಡಿನ ಸಾಂದ್ರತೆ ಅಳೆಯುವ ಕೊಳವೆ) ಅಂಕಿ ಉಳಿದವಕ್ಕಿಂತ ತೀರ ಕೆಳಗಿದ್ದರೆ ಬ್ಯಾಟರಿಯೇ ಸತ್ತಿದೆ. ಆಮೇಲೆ ಫ್ಯಾನ್ ಬೆಲ್ಟು: ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ 12ರಿಂದ 15 ಮಿ.ಮೀ. ತಗ್ಗಬೇಕು. ಬೆಲ್ಟಿನ ತಳ ಪುಲ್ಲಿಯ ತೋಡಿನ ತಳಕ್ಕೆ ತಾಗಿ ಹೊಳೆಯುತ್ತಿದ್ದರೆ ಎಷ್ಟು ಬಿಗಿದರೂ ಜಾರುತ್ತದೆ, ಬದಲಿಸಿ. ಮೂರನೆಯದು ಅರ್ತ್. ಎಂಜಿನ್ ಓಡಿಸಿ, ದೀಪ ಹಾಕಿ, ಡೈನಮೋ ಮೈಗೂ ಬ್ಯಾಟರಿಯ ಅರ್ತ್ ತುದಿಗೂ ನಡುವೆ ಅಳೆಯಿರಿ. 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಎಲ್ಲೋ ತುಕ್ಕೋ ಪೇಂಟೋ ಅಡ್ಡ ಇದೆ. ಹೊಸದಾಗಿ ಬಣ್ಣ ಹೊಡೆಸಿದ ಗಾಡಿಯಲ್ಲಿ ಇದು ಮಾಮೂಲಿ.

ಈಗ ಡೈನಮೋ. ಡಿ, ಎಫ್ ಎರಡೂ ತಂತಿಗಳನ್ನು ಬಿಚ್ಚಿ, ಗುರುತು ಕಟ್ಟಿ ಪಕ್ಕಕ್ಕಿಡಿ. ಆ ಎರಡು ಟರ್ಮಿನಲ್ಲುಗಳನ್ನು ತುಂಡು ತಂತಿಯಿಂದ ಒಂದಕ್ಕೊಂದು ಜೋಡಿಸಿ, ಮೀಟರಿನ ಒಂದು ತುದಿ ಅಲ್ಲಿಗೆ, ಇನ್ನೊಂದು ಡೈನಮೋ ಮೈಗೆ. ಎಂಜಿನ್ನನ್ನು ಐಡಲಿನಿಂದ ನಿಧಾನ ಏರಿಸಿ. ಸುಮಾರು 1000 ಸುತ್ತಿಗೆ ಮುಟ್ಟುವುದರೊಳಗೆ ವೋಲ್ಟೇಜು ಸಲೀಸಾಗಿ 20ರ ಹತ್ತಿರ ಹೋಗಬೇಕು. ಅಲ್ಲಿಗೆ ನಿಲ್ಲಿಸಿ. ರೆಗ್ಯುಲೇಟರಿನ ಕಡಿವಾಣ ಇಲ್ಲದ ಡೈನಮೋವನ್ನು ಕಿರುಚಿಸಿದರೆ ಫೀಲ್ಡ್ ಕಾಯಿಲ್ (ಮೈಯೊಳಗೆ ಕೂತು ಕಾಂತಬಲ ಹುಟ್ಟಿಸುವ ಸುರುಳಿ) ಸುಡುತ್ತದೆ.

ಮೀಟರಿನ ಅಂಕಿಯೇ ರೋಗ ಹೇಳುತ್ತದೆ. 20ರವರೆಗೆ ಹೋಯಿತೇ? ಡೈನಮೋ ಗಟ್ಟಿ, ದೋಷ ತಂತಿಯಲ್ಲಿ ಅಥವಾ ಪೆಟ್ಟಿಗೆಯಲ್ಲಿ. ಏನೂ ಇಲ್ಲವೇ? ಬ್ರಷ್ಷು ಸಿಕ್ಕಿಕೊಂಡಿದೆ, ಇಲ್ಲವೇ ಡೈನಮೋ ತನ್ನ ಉಳಿಕೆ ಕಾಂತತ್ವ (ನಿಂತಾಗಲೂ ಕಬ್ಬಿಣದಲ್ಲಿ ಉಳಿಯುವ ಅಲ್ಪ ಕಾಂತಬಲ) ಕಳೆದುಕೊಂಡಿದೆ. ಅರ್ಧದಿಂದ ಒಂದು ವೋಲ್ಟ್ ಮಾತ್ರ ಬರುತ್ತಿದೆಯೇ? ಆರ್ಮೇಚರ್ ಸರಿ, ಫೀಲ್ಡ್ ಕೆಲಸ ಮಾಡುತ್ತಿಲ್ಲ. ನಾಲ್ಕೈದು ವೋಲ್ಟಿಗೆ ನಿಂತಿತೇ? ಆರ್ಮೇಚರ್ ಮೇಲೆ ಅನುಮಾನಪಡಿ.

ಬೆಲ್ಟ್ ಕಳಚಿ ಮಾಡುವ ಇನ್ನೊಂದು ಪರೀಕ್ಷೆಗೆ ಎಂಜಿನ್ನೇ ಬೇಡ. ಜೋಡಿಸಿದ ಡಿ-ಎಫ್‌ಗೆ ಬ್ಯಾಟರಿಯ ಅರ್ತ್ ಅಲ್ಲದ ತುದಿಯಿಂದ ಕರೆಂಟ್ ಕೊಟ್ಟರೆ ಒಳ್ಳೆಯ ಡೈನಮೋ ಐದಾರು ಆ್ಯಂಪ್ ಎಳೆದು ಮೋಟಾರಿನಂತೆ ನಿಧಾನವಾಗಿ, ಒಂದೇ ಸಮನೆ ತಿರುಗುತ್ತದೆ. ತಡವರಿಸಿ ತಿರುಗಿದರೆ ಕಮ್ಯುಟೇಟರಿನಲ್ಲೋ (ಬ್ರಷ್ಷು ಉಜ್ಜುವ ತಾಮ್ರಪಟ್ಟಿಗಳ ಉರುಳೆ) ಆರ್ಮೇಚರಿನಲ್ಲೋ ಕುಂದು.

ದಾರಿ ಒಂದು: ಡೈನಮೋದ ಸಣ್ಣ ರಿಪೇರಿ

ಖರ್ಚು ನೂರರ ಲೆಕ್ಕದಲ್ಲಿ. ಕೈಕೊಟ್ಟ ಡೈನಮೋಗಳಲ್ಲಿ ತುಂಬ ಪಾಲು ಇಲ್ಲಿಗೇ ಸರಿಹೋಗುತ್ತವೆ, ಆದ್ದರಿಂದ ಬೇರೆ ಯಾವ ಖರ್ಚಿಗೂ ಮೊದಲು ಈ ದಾರಿ.

ಉದ್ದನೆಯ ಎರಡು ಬೋಲ್ಟು ಬಿಚ್ಚಿದರೆ ಹಿಂಬದಿ ಮುಚ್ಚಳ ಬರುತ್ತದೆ. ಬ್ರಷ್ ಹೊಸದಿದ್ದಾಗ 18 ಮಿ.ಮೀ. ಆಸುಪಾಸು ಇರುತ್ತದೆ, 7 ಮಿ.ಮೀ.ಗೆ ಸವೆದರೆ ಬದಲಿಸಬೇಕು. ಉದ್ದ ಇದ್ದೂ ಹೋಲ್ಡರಿನಲ್ಲಿ ಮಸಿ ಕಟ್ಟಿ ಸಿಕ್ಕಿಕೊಂಡಿದ್ದರೆ ಪೆಟ್ರೋಲಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಕೈಬಿಟ್ಟರೆ ತಾನೇ ಜಾರುವಂತೆ ಮಾಡಿ.

ಕಮ್ಯುಟೇಟರನ್ನು ಬೆಳಕಿಗೆ ಹಿಡಿದು ನೋಡಿ. ಹದವಾಗಿ ಹುರಿದ ಕಾಫಿ ಬೀಜದ ಬಣ್ಣಕ್ಕೆ ಹೊಳಪು ಇದ್ದರೆ ಅದು ಆರೋಗ್ಯ, ಉಜ್ಜಲು ಹೋಗಬೇಡಿ. ಸುತ್ತಲೂ ಕಪ್ಪಾಗಿದ್ದರೆ ಎಣ್ಣೆ ಸೋರಿದೆ ಅಥವಾ ಸ್ಪ್ರಿಂಗು ಸಡಿಲ. ಎಲ್ಲ ತಾಮ್ರಪಟ್ಟಿ ಸರಿಯಿದ್ದು ಪಕ್ಕಪಕ್ಕದ ಒಂದೆರಡು ಮಾತ್ರ ಸುಟ್ಟು ಗುಂಡಿ ಬಿದ್ದಿದ್ದರೆ ಆ ಜಾಗದ ಕಾಯಿಲ್ ತುಂಡಾಗಿದೆ. ಎಷ್ಟು ಬ್ರಷ್ ಹಾಕಿದರೂ ತಿಂಗಳಲ್ಲಿ ಮತ್ತೆ ಸುಡುತ್ತದೆ, ನೀವು ಎರಡನೇ ದಾರಿಯಲ್ಲಿದ್ದೀರಿ.

ಬರೀ ಮಸಿಯಾದರೆ ನಯವಾದ ಗ್ಲಾಸ್ ಪೇಪರಿನಿಂದ ತೆಗೆಯಿರಿ. ಎಮರಿ ಪೇಪರ್ ಬೇಡ, ಅದರ ಪುಡಿ ತಾಮ್ರಕ್ಕೆ ಅಂಟಿ ಬ್ರಷ್ಷನ್ನು ಅರೆಯುತ್ತದೆ, ಪಟ್ಟಿಗಳ ಸಂದಿಯಲ್ಲಿ ಕೂತು ಕರೆಂಟ್ ದಾಟಿಸುತ್ತದೆ. ಪಟ್ಟಿಗಳ ನಡುವಿನ ಮೈಕಾ ತಾಮ್ರದ ಮಟ್ಟಕ್ಕೇ ಬಂದಿದ್ದರೆ, ಅಗಲಕ್ಕೆ ತಕ್ಕಂತೆ ಸಾಣೆ ಹಿಡಿದ ಹ್ಯಾಕ್ಸಾ ಬ್ಲೇಡಿನಿಂದ 0.8 ಮಿ.ಮೀ. ಆಳ ಕೆರೆಯಬೇಕು. ಲೇತಿನಲ್ಲಿ ಟರ್ನಿಂಗ್ ಮಾಡಿಸಿ ಮೈಕಾ ಕೆರೆಯದೆ ತಂದರೆ ಬ್ರಷ್ಷು ಕುಣಿದು ಕಿಡಿ ಹಾರಿಸುತ್ತದೆ. ಲೇತ್ ಅಂಗಡಿಯಲ್ಲಿ ಇದನ್ನು ಬಾಯಿಬಿಟ್ಟು ಕೇಳಿ.

ಹಿಂಬದಿ ಕಂಚಿನ ಬುಷ್ಷನ್ನು ಮರೆಯಬೇಡಿ. ಅದು ಸವೆದರೆ ಆರ್ಮೇಚರ್ ಜೋತು ಬಿದ್ದು ಪೋಲ್ ಶೂಗೆ (ಫೀಲ್ಡ್ ಕಾಯಿಲನ್ನು ಹಿಡಿದ ಕಬ್ಬಿಣದ ತುಂಡು) ಉಜ್ಜುತ್ತದೆ, ಒಂದೇ ಕಡೆ ಹೊಳೆಯುವ ಗೀರು ಅದರ ಸಾಕ್ಷಿ. ಹೊಸ ಬುಷ್ಷನ್ನು ಎಂಜಿನ್ ಆಯಿಲಿನಲ್ಲಿ ಒಂದು ದಿನ ನೆನೆಹಾಕಿಯೇ ಕೂರಿಸಬೇಕು. ಮುಂದೆ ಮುಚ್ಚಳದ ತೂತಿಗೆ ಆಗಾಗ ಎರಡು ಮೂರು ಹನಿ ಸಾಕು. ಧಾರಾಳವಾಗಿ ಸುರಿದ ಎಣ್ಣೆ ಹೋಗಿ ಕೂರುವುದು ಕಮ್ಯುಟೇಟರ್ ಮೇಲೆ.

ಕೊನೆಗೆ ಪೋಲರೈಸ್ ಮಾಡುವುದು. ಬಹಳ ದಿನ ಸುಮ್ಮನಿದ್ದ ಅಥವಾ ಬಿಚ್ಚಿ ಕಟ್ಟಿದ ಡೈನಮೋಗೆ ಯಾವ ದಿಕ್ಕಿನ ಕರೆಂಟ್ ಹುಟ್ಟಿಸಬೇಕೆಂದು ಹೇಳಿಕೊಡಬೇಕು. ಡಿ, ಎಫ್ ತಂತಿಗಳು ಬಿಚ್ಚಿರುವಾಗಲೇ ಬ್ಯಾಟರಿಯ ಅರ್ತ್ ಅಲ್ಲದ ತುದಿಯಿಂದ ಒಂದು ತಂತಿ ತಂದು ಎಫ್ ಟರ್ಮಿನಲ್ಲಿಗೆ ಎರಡು ಮೂರು ಸಲ ಮುಟ್ಟಿಸಿ ತೆಗೆಯಿರಿ, ಸಣ್ಣ ಕಿಡಿ ಬರುತ್ತದೆ, ಅಷ್ಟೆ. ಅಮೆರಿಕದ ಟ್ರಾಕ್ಟರುಗಳ ವಿಡಿಯೊ ನೋಡಿ ಪೆಟ್ಟಿಗೆಯ ಮೇಲೆಯೇ ಬ್ಯಾಟರಿ ಮತ್ತು ಆರ್ಮೇಚರ್ ಟರ್ಮಿನಲ್ ಜೋಡಿಸುವ ಕ್ರಮ ಅನುಸರಿಸಬೇಡಿ. ಅಲ್ಲಿನ ಹಲವು ಡೈನಮೋಗಳಲ್ಲಿ ಫೀಲ್ಡಿಗೆ ಕರೆಂಟ್ ಒಳಗಿನಿಂದಲೇ ಬರುತ್ತದೆ, ರೆಗ್ಯುಲೇಟರ್ ಅದನ್ನು ಅರ್ತ್ ಮಾಡುತ್ತದೆ. ಲೂಕಾಸಿನಲ್ಲಿ ಫೀಲ್ಡಿನ ಒಂದು ತುದಿ ಒಳಗೇ ಅರ್ತ್, ಕರೆಂಟ್ ಹೊರಗಿನ ಪೆಟ್ಟಿಗೆಯಿಂದ ಬರುತ್ತದೆ.

ದಾರಿ ಎರಡು: ರಿವೈಂಡಿಂಗ್

ಎಫ್‌ನಿಂದ ಮೈಗೆ ಓಮ್ಸ್ ಅಳೆಯಿರಿ. ಸಿ40 ಜಾತಿಯಲ್ಲಿ 6 ಓಮ್ ಸುತ್ತ ಬರಬೇಕು. ಸೊನ್ನೆ ಬಂದರೆ ಕಾಯಿಲ್ ಮೈಗೆ ತಾಗಿದೆ, ಏನೂ ಬರದಿದ್ದರೆ ತುಂಡಾಗಿದೆ. ಫೀಲ್ಡ್ ಕಾಯಿಲ್ ಸುತ್ತುವುದು ಸುಲಭದ ಕೆಲಸ, ಧೈರ್ಯವಾಗಿ ಮಾಡಿಸಿ. ಆರ್ಮೇಚರ್ ಹಾಗಲ್ಲ. ಅಂಗಡಿಯಲ್ಲಿ ಗ್ರೌಲರ್ (ಆರ್ಮೇಚರ್ ಪರೀಕ್ಷಿಸುವ ಸಾಧನ) ಇದೆಯೇ, ಸುತ್ತಿದ ಮೇಲೆ ವಾರ್ನಿಶ್ ಕುಡಿಸಿ ಬೇಯಿಸುತ್ತಾರೆಯೇ ಎಂದು ಕೇಳಿ. ವಾರ್ನಿಶ್ ಬರೀ ಮೇಲೆ ಬಳಿದು ಬಿಸಿಲಿಗೆ ಒಣಗಿಸಿ ಕೊಟ್ಟ ಆರ್ಮೇಚರ್ ಮೊದಲ ಬೇಸಗೆಯಲ್ಲೇ ಸಡಿಲಾಗುತ್ತದೆ. ಮೋಟಾರ್ ರಿವೈಂಡಿಂಗ್ ಮಾಡುವ ಎಲ್ಲರಿಗೂ ಡಿ.ಸಿ. ಆರ್ಮೇಚರ್ ಒಗ್ಗಿರುವುದಿಲ್ಲ.

ಆರ್ಮೇಚರ್ ಹೋಗಿದ್ದು, ರಾತ್ರಿ ದೀಪದ ಕೆಲಸವೂ ಇದ್ದರೆ ಈ ದಾರಿಗೆ ಹಣ ಹಾಕುವುದು ನಮ್ಮ ಲೆಕ್ಕದಲ್ಲಿ ದಂಡ. ಅದೇ ಹಣಕ್ಕೆ ಸ್ವಲ್ಪ ಸೇರಿಸಿದರೆ ಆಲ್ಟರ್ನೇಟರ್ ಬರುತ್ತದೆ. ಹಗಲು ಮಾತ್ರ ಓಡುವ ಗಾಡಿಗೆ, ಅಥವಾ ಇದ್ದ ಹಾಗೇ ಉಳಿಸಿಕೊಳ್ಳಬೇಕೆಂಬ ಆಸೆ ಇದ್ದವರಿಗೆ ಮಾತ್ರ ಇದು. ಗುಜರಿಯಲ್ಲಿ ಸಿಗುವ ಅದೇ ಸಂಖ್ಯೆಯ ಇನ್ನೊಂದು ಡೈನಮೋವನ್ನು ಅಲ್ಲೇ ಬ್ಯಾಟರಿ ಕೊಟ್ಟು ಮೋಟಾರಿನಂತೆ ತಿರುಗಿಸಿ ನೋಡಿ ತರುವುದು ಇದಕ್ಕಿಂತ ಅಗ್ಗ.

ದಾರಿ ಮೂರು: ರೆಗ್ಯುಲೇಟರ್ ಪೆಟ್ಟಿಗೆ

ಡೈನಮೋ 20 ವೋಲ್ಟಿನ ಪರೀಕ್ಷೆ ಪಾಸಾಗಿದ್ದರೆ ನೋಟ ಇಲ್ಲಿಗೆ. ಹೊಸ ಪೆಟ್ಟಿಗೆ ಕೊಳ್ಳುವ ಮುಂಚೆ ತಂತಿ ನೋಡಿ: ಡೈನಮೋದ ಡಿಯಿಂದ ಪೆಟ್ಟಿಗೆಯ ಡಿಗೆ, ಎಫ್‌ನಿಂದ ಎಫ್‌ಗೆ ಕರೆಂಟ್ ಸರಿಯಾಗಿ ಹರಿಯುತ್ತದೆಯೇ? ಇಲಿ ಕಡಿದ ತಂತಿಗೆ ಬಲಿಯಾದ ಪೆಟ್ಟಿಗೆಗಳು ಬೇಕಾದಷ್ಟಿವೆ. ಡಿ, ಎಫ್ ಅದಲುಬದಲಾದರೆ ರೆಗ್ಯುಲೇಟರಿನ ಪಾಯಿಂಟು ಕ್ಷಣದಲ್ಲಿ ಸುಡುತ್ತದೆ.

ಎರಡು ಕಾಯಿಲಿನ ಆರ್‌ಬಿ106 ಬಗೆಯಲ್ಲಿ ಟರ್ಮಿನಲ್ಲುಗಳು ಎಫ್, ಎ, ಎ1, ಡಿ, ಇ. ಅದರ ಸೆಟ್ಟಿಂಗ್ ನೋಡುವುದು ಹೀಗೆ: ಎ ಮತ್ತು ಎ1 ತಂತಿಗಳನ್ನು ಬಿಚ್ಚಿ, ಅವೆರಡನ್ನೂ ಒಂದಕ್ಕೊಂದು ಸೇರಿಸಿ, ಎಲ್ಲೂ ತಾಗದಂತೆ ಸುತ್ತಿಡಿ. ಮೀಟರನ್ನು ಡಿಗೂ ಇಗೂ ಹಾಕಿ ಎಂಜಿನ್ ವೇಗ ಏರಿಸಿದರೆ ಮುಳ್ಳು ಏರುತ್ತ ಹೋಗಿ ಒಂದು ಕಡೆ ಮಿಡಿದು ನಿಲ್ಲುತ್ತದೆ. ನಮ್ಮ ಹವೆಯಲ್ಲಿ ಅದು 16ರ ಆಸುಪಾಸು ಇರಬೇಕು. ಇಲ್ಲಿ ಕಾಣುವ 16 ಲೋಡ್ ಇಲ್ಲದಾಗಿನ ಅಂಕಿ, ಇದನ್ನು ಬ್ಯಾಟರಿಯಲ್ಲಿ ಕಾಣುವ 14ರ ಜೊತೆ ಹೋಲಿಸಿ ಗಾಬರಿಯಾಗಿ ಇಳಿಸಿಬಿಡುವುದು ಸಾಮಾನ್ಯ ತಪ್ಪು. ಸ್ಕ್ರೂ ಬಲಕ್ಕೆ ತಿರುಗಿಸಿದರೆ ಏರುತ್ತದೆ. ಕಾಲು ಸುತ್ತಿಗಿಂತ ಕಡಿಮೆಯಲ್ಲೇ ಆಟ ಮುಗಿಸಿ. ಎಲ್ಲವೂ ಅರ್ಧ ನಿಮಿಷದೊಳಗೆ ಆಗಬೇಕು, ಕಾಯಿಲ್ ಕಾದರೆ ಅಂಕಿ ಮೋಸ ಮಾಡುತ್ತದೆ.

ಕಟೌಟ್ ಪಾಯಿಂಟ್ 12.7ರಿಂದ 13.3 ವೋಲ್ಟಿನೊಳಗೆ ಕೂಡಬೇಕು. ಅದು ಅಂಟಿಕೊಂಡರೆ ರೋಗ ಬೇರೆ: ಎಂಜಿನ್ ನಿಲ್ಲಿಸಿದ ಮೇಲೂ ಡೈನಮೋ ಬ್ಯಾಟರಿಯಿಂದ ಕರೆಂಟ್ ಎಳೆಯುತ್ತ ಬೆಚ್ಚಗಿರುತ್ತದೆ, ಬೆಳಗಾಗುವುದರಲ್ಲಿ ಬ್ಯಾಟರಿ ಬರಿದು. ಗಾಡಿ ನಿಲ್ಲಿಸಿ ಒಂದು ಗಂಟೆ ಬಿಟ್ಟು ಡೈನಮೋ ಮುಟ್ಟಿ ನೋಡಿ, ಎಂಜಿನ್ನಿಗಿಂತ ಅದೇ ಬಿಸಿಯಾಗಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಕಟೌಟ್ ಪಾಯಿಂಟನ್ನು ನಯವಾದ ಗ್ಲಾಸ್ ಪೇಪರಿನಿಂದ ಸವರಿ ಸ್ಪಿರಿಟಿನಲ್ಲಿ ಒರೆಸಿದರೆ ಹಲವು ಸಲ ಪೆಟ್ಟಿಗೆ ಉಳಿಯುತ್ತದೆ.

ಕೊಳ್ಳಲೇಬೇಕಾದರೆ ಡೈನಮೋದ ಆ್ಯಂಪಿಗೆ ಹೊಂದುವುದನ್ನೇ ಕೊಳ್ಳಿ. 22 ಆ್ಯಂಪಿನ ಪೆಟ್ಟಿಗೆಯನ್ನು 11ರ ಡೈನಮೋಗೆ ಹಾಕಿದರೆ ಅದು ಡೈನಮೋವನ್ನು ಮೈಮೀರಿ ದುಡಿಸಿ ಸುಡುತ್ತದೆ. ಒಳಗೆ ಎಲೆಕ್ಟ್ರಾನಿಕ್ ಇರುವ ಪೆಟ್ಟಿಗೆಯಲ್ಲಿ ಪಾಯಿಂಟಿನ ರಗಳೆ ಇಲ್ಲ, ವೋಲ್ಟೇಜು ಅಲ್ಲಾಡುವುದಿಲ್ಲ. ಆದರೆ ಅದು ಪಾಸಿಟಿವ್ ಅರ್ತಿನದೋ ನೆಗೆಟಿವ್ ಅರ್ತಿನದೋ ನೋಡಿ ಕೊಳ್ಳಬೇಕು, ತಪ್ಪಿದರೆ ಕೂರಿಸಿದ ದಿನವೇ ಹೊಗೆ. ಮತ್ತು ಯಾವ ಪೆಟ್ಟಿಗೆಯೂ 11 ಆ್ಯಂಪಿನ ಡೈನಮೋವನ್ನು 20 ಆ್ಯಂಪಿನದಾಗಿ ಮಾಡುವುದಿಲ್ಲ.

ದಾರಿ ನಾಲ್ಕು: ಆಲ್ಟರ್ನೇಟರ್

ಲಾಭ ದೊಡ್ಡದು. 36 ಆ್ಯಂಪಿನ ಸಾಮಾನ್ಯ ಆಲ್ಟರ್ನೇಟರ್ ಸಣ್ಣ ಪುಲ್ಲಿಯಿಂದಾಗಿ ಐಡಲಿನಲ್ಲೇ ಚಾರ್ಜ್ ಮಾಡುತ್ತದೆ. ಕಾರ್ಖಾನೆ ಸರದಿಯಲ್ಲಿ ನಿಲ್ಲುವ ಗಾಡಿಗೆ, ರಾತ್ರಿ ರೋಟವೇಟರ್ ಹೊಡೆಯುವವರಿಗೆ, ಬಾಡಿಗೆಗೆ ಓಡಿಸುವವರಿಗೆ ಇದೇ ಸರಿ. 1035ರಂಥ ಗಾಡಿಗಳ ಹೊಸ ತಲೆಮಾರಿಗೆ ಕಂಪನಿಯಿಂದಲೇ ಆಲ್ಟರ್ನೇಟರ್ ಬರುವುದರಿಂದ ಬ್ರ್ಯಾಕೆಟ್ಟನ್ನು ವೆಲ್ಡಿಂಗ್ ಅಂಗಡಿಯಲ್ಲಿ ಹುಟ್ಟಿಸುವ ಮೊದಲು ಅದೇ ಸಿಗುತ್ತದೆಯೇ ವಿಚಾರಿಸಿ. ಕೈಯಲ್ಲಿ ಮಾಡಿದ ಬ್ರ್ಯಾಕೆಟ್ಟು ಒಂದೆರಡು ಮಿ.ಮೀ. ಓರೆಯಾದರೂ ಬೆಲ್ಟು ಬದಿಯಿಂದ ಎಳೆ ಬಿಡುತ್ತದೆ. ಮೂರೂ ಪುಲ್ಲಿಗಳ ಮುಖಕ್ಕೆ ನೇರ ಪಟ್ಟಿ ಹಿಡಿದು ನೋಡಿ.

ನಷ್ಟಗಳನ್ನು ಯಾರೂ ಹೇಳುವುದಿಲ್ಲ, ಕೇಳಿಕೊಳ್ಳಿ. ಬ್ಯಾಟರಿ ಪೂರ್ತಿ ಸತ್ತ ಗಾಡಿಯನ್ನು ತಳ್ಳಿ ಎಬ್ಬಿಸಿದರೆ ಡೈನಮೋ ತನ್ನ ಉಳಿಕೆ ಕಾಂತತ್ವದಿಂದಲೇ ಕರೆಂಟ್ ಹುಟ್ಟಿಸಿಕೊಳ್ಳುತ್ತದೆ. ಆಲ್ಟರ್ನೇಟರಿಗೆ ಮೊದಲ ಕರೆಂಟನ್ನು ಬ್ಯಾಟರಿಯೇ ಕೊಡಬೇಕು, ಇಲ್ಲದಿದ್ದರೆ ದಿನವಿಡೀ ತಿರುಗಿದರೂ ಸೊನ್ನೆ. ಓಡುತ್ತಿರುವಾಗ ಬ್ಯಾಟರಿ ತಂತಿ ಕಳಚಿದರೆ ಡಯೋಡ್ ಹೋಗುತ್ತದೆ. ‘ಎದ್ದಿತಲ್ಲ, ಬ್ಯಾಟರಿ ಬಿಚ್ಚಿ ಪಕ್ಕದ ಗಾಡಿಗೆ ಕೊಡು’ ಅನ್ನುವ ಹಳ್ಳಿಯ ಉಪಕಾರ ಇನ್ನು ನಡೆಯದು. ಗಾಡಿಗೆ ಕಟ್ಟಿರುವ ಹಾಗೇ ನೇಗಿಲಿಗೆ, ಟ್ರೈಲರ್ ಕೊಂಡಿಗೆ ವೆಲ್ಡಿಂಗ್ ಹೊಡೆಸುವಾಗ ಬ್ಯಾಟರಿಯ ಎರಡೂ ತುದಿ, ಆಲ್ಟರ್ನೇಟರಿನ ತಂತಿ ಬಿಚ್ಚಲೇಬೇಕು. ಡೈನಮೋ ಇದಕ್ಕೆಲ್ಲ ಸೊಪ್ಪು ಹಾಕುತ್ತಿರಲಿಲ್ಲ. ಭತ್ತದ ಹೊಟ್ಟು, ಒಕ್ಕಣೆಯ ಧೂಳು ಆಲ್ಟರ್ನೇಟರಿನ ಕಿಂಡಿಗಳಲ್ಲಿ ಸೇರುತ್ತದೆ, ಸುಗ್ಗಿ ಮುಗಿದ ಮೇಲೆ ಗಾಳಿ ಹೊಡೆಸಿ.

ಕೂರಿಸುವ ಮುನ್ನ ಅರ್ತ್ ನೋಡಿ. ಸಾಮಾನ್ಯ ಆಲ್ಟರ್ನೇಟರಿಗೆ ನೆಗೆಟಿವ್ ಅರ್ತೇ ಬೇಕು. ಹಳೇ ಬ್ರಿಟಿಷ್ ವಿನ್ಯಾಸದವು ಹಲವು ಪಾಸಿಟಿವ್ ಅರ್ತ್. ನಡುವೆ ಯಾರೋ ಬದಲಿಸಿರಲೂಬಹುದು. ತಂತಿಯ ಬಣ್ಣ ನಂಬಬೇಡಿ, ಚಾಸಿಗೆ ಬೋಲ್ಟ್ ಆದ ಕೇಬಲ್ಲು ಬ್ಯಾಟರಿಯ ಯಾವ ತುದಿಯಿಂದ ಬಂದಿದೆ ಎಂದು ಬೆರಳಿಟ್ಟು ಹಿಡಿದು ನೋಡಿ. ಪಾಸಿಟಿವ್ ತುದಿ ನೆಗೆಟಿವಿಗಿಂತ ದಪ್ಪ, ಹಾಗಾಗಿ ಬದಲಿಸುವಾಗ ಕ್ಲ್ಯಾಂಪುಗಳೂ ಬದಲಾಗಬೇಕು. ಸಣ್ಣ ಕ್ಲ್ಯಾಂಪನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ಬ್ಯಾಟರಿ ಒಡೆದುಕೊಂಡವರು ಉಂಟು. ಸೆಲ್ಫ್ ಮೋಟಾರು, ಬಲ್ಬುಗಳಿಗೆ ಅರ್ತ್ ಬದಲಾದದ್ದು ಗೊತ್ತೇ ಆಗುವುದಿಲ್ಲ. ಆ್ಯಂಪ್ ಮೀಟರ್ ಉಲ್ಟಾ ತೋರಿಸುತ್ತದೆ.

ವೈರಿಂಗಿನಲ್ಲಿ ಹಳೇ ಡಿ ತಂತಿಯನ್ನೇ ಆಲ್ಟರ್ನೇಟರಿಗೆ ಕೊಟ್ಟು ಕೈತೊಳೆದುಕೊಳ್ಳುವವರಿದ್ದಾರೆ. ಬಿಡಬೇಡಿ. ಆಲ್ಟರ್ನೇಟರಿನ ಬಿ ಟರ್ಮಿನಲ್ಲಿನಿಂದ ಸೆಲ್ಫ್ ಸ್ವಿಚ್ಚಿನ ಬ್ಯಾಟರಿ ಬೋಲ್ಟಿಗೆ 6 ಚದರ ಮಿ.ಮೀ. ತಂತಿ, ನಡುವೆ 50 ಆ್ಯಂಪ್ ಫ್ಯೂಸ್. ಹೀಗೆ ಮಾಡಿದರೆ ಹಳೇ ಆ್ಯಂಪ್ ಮೀಟರಿನ ಮೂಲಕ 36 ಆ್ಯಂಪ್ ಹರಿದು ಅದು ಕರಗುವ ಭಯವೂ ಇಲ್ಲ. ಅದರ ಬದಲು ವೋಲ್ಟ್ ಮೀಟರ್ ಹಾಕಿ. ಪೆಟ್ಟಿಗೆಯಿದ್ದ ಜಾಗದಲ್ಲಿ ಎ, ಎ1 ತಂತಿಗಳನ್ನು ಸೇರಿಸಿದರೆ ದೀಪಗಳಿಗೆ ದಾರಿ ಆಯಿತು. ವಾರ್ನಿಂಗ್ ಲ್ಯಾಂಪಿನಿಂದ ಡಿಗೆ ಬರುತ್ತಿದ್ದ ತೆಳು ತಂತಿಯನ್ನು ಹಳೇ ಎಫ್ ತಂತಿಗೆ ಜೋಡಿಸಿ, ಅದರ ಇನ್ನೊಂದು ತುದಿಯನ್ನು ಆಲ್ಟರ್ನೇಟರಿನ ಎಲ್ ಟರ್ಮಿನಲ್ಲಿಗೆ ಕೊಡಿ. ಆ ಬಲ್ಬ್ 2ರಿಂದ 3 ವಾಟಿನ ಮಾಮೂಲಿ ಬಲ್ಬೇ ಇರಬೇಕು, ಮೊದಲ ಕರೆಂಟ್ ಅದರ ಮೂಲಕವೇ ಹೋಗುವುದು. ಎಲ್‌ಇಡಿ ಹಾಕಿದರೆ ಚಾರ್ಜ್ ಶುರುವಾಗುವುದಿಲ್ಲ. ಫೋರ್ಡ್‌ಸನ್ ಡೆಕ್ಸ್ಟಾದಂಥ ಗಾಡಿಯಾದರೆ ಇನ್ನೊಂದು ಎಚ್ಚರ: ಅದರ ಎಂಜಿನ್ ವೇಗ ತೋರಿಸುವ ಮೀಟರಿನ ಕೇಬಲ್ಲು ತಿರುಗುವುದು ಡೈನಮೋದ ಬೆನ್ನಿನಿಂದ. ಡೈನಮೋ ಹೋದರೆ ಮೀಟರೂ ಹೋಯಿತು.

ಇದರದೇ ಇನ್ನೊಂದು ರೂಪ ಡೈನಮೇಟರ್: ಹೊರಗೆ ಲೂಕಾಸ್ ಡೈನಮೋದ ವೇಷ, ಒಳಗೆ ಆಲ್ಟರ್ನೇಟರ್. ಹಳೇ ಬ್ರ್ಯಾಕೆಟ್ಟಿಗೇ ಕೂರುತ್ತದೆ, ಪಾಸಿಟಿವ್ ಅರ್ತಿನವೂ ಇವೆ. ಬ್ರಿಟನ್ನಿನಲ್ಲಿ ಹಳೇ ಗಾಡಿ ಪ್ರದರ್ಶನಕ್ಕಿಡುವವರ ನಡುವೆ ಇದರ ಬಳಕೆ ಇದೆ. ಇಲ್ಲಿಗೆ ತರಿಸಿಕೊಳ್ಳುವ ಖರ್ಚು ಎಲ್ಲಕ್ಕಿಂತ ಹೆಚ್ಚು. ಉಳುವ ಗಾಡಿಗೆ ಇದು ಶೋಕಿ.

ದಾರಿ ಐದು: ಖರ್ಚು ತಗ್ಗಿಸಿ, ಹೊರಗಿನಿಂದ ತುಂಬಿಸಿ

ಹೆಡ್‌ಲೈಟಿಗೆ 18 ವಾಟಿನ ಎರಡು ಎಲ್‌ಇಡಿ, ಉಳಿದವೆಲ್ಲ ಸೇರಿ 5 ವಾಟ್ ಆದರೆ ಒಟ್ಟು ಮೂರೂವರೆ ಆ್ಯಂಪ್. ಆಗ 11 ಆ್ಯಂಪಿನ ಮುದಿ ಡೈನಮೋವೂ ಏಳು ಆ್ಯಂಪ್ ಉಳಿಸಿ ಬ್ಯಾಟರಿಗೆ ಕೊಡುತ್ತದೆ. ಆಲ್ಟರ್ನೇಟರಿನ ಯೋಚನೆ ಇರುವವರು ಮೊದಲು ಇದನ್ನು ಮಾಡಿ ಒಂದು ತಿಂಗಳು ನೋಡಿ. 10–30 ವೋಲ್ಟ್ ಎಂದು ಬರೆದಿರುವುದನ್ನೇ ಕೊಳ್ಳಿ. ಬ್ಯಾಟರಿ ಕ್ಲ್ಯಾಂಪು ಸಡಿಲಾದ ಕ್ಷಣ ವೋಲ್ಟೇಜು 16ಕ್ಕೆ ಹಾರುತ್ತದೆ, 12ರ ಮಾಲು ಉಳಿಯದು. ಪಾಸಿಟಿವ್ ಅರ್ತಿನ ಗಾಡಿಯಲ್ಲಿ ಎಲ್‌ಇಡಿಯ ಮೈ ಅರ್ತ್ ಆಗದ, ಎರಡು ತಂತಿ ಪ್ರತ್ಯೇಕ ಇರುವ ಬಗೆ ಬೇಕು. ಹೊಲದ ಫೋಕಸ್ ಲೈಟನ್ನು ರಸ್ತೆಯಲ್ಲಿ ಉರಿಸಬೇಡಿ.

ಡೈನಮೋ ಪೂರ್ತಿ ಸತ್ತಿದ್ದು, ಗಾಡಿ ವಾರಕ್ಕೊಮ್ಮೆ ಹಗಲು ಮಾತ್ರ ಏಳುವುದಾದರೆ ಏನೂ ರಿಪೇರಿ ಮಾಡಿಸದೆಯೂ ಇರಬಹುದು. ಕೊಟ್ಟಿಗೆಯ ಮಾಡಿನ ಮೇಲೆ 20 ವಾಟಿನ ಸೋಲಾರ್ ಪ್ಯಾನೆಲ್ಲು, ಒಂದು ಚಾರ್ಜ್ ಕಂಟ್ರೋಲರ್: ಬಿಸಿಲಿನ ದಿನಕ್ಕೆ ನಾಲ್ಕೈದು ಆ್ಯಂಪ್-ಅವರ್, ಅಂದರೆ ಐದಾರು ಸೆಲ್ಫಿನ ಖರ್ಚು. ಎರಡೂ ತಂತಿ ನೇರ ಬ್ಯಾಟರಿ ತುದಿಗಳಿಗೇ ಹೋಗಲಿ, ಚಾಸಿಗೆ ಬೇಡ. ಮೆಕ್ಯಾನಿಕ್ಕು ಇದನ್ನು ಕೇಳಿ ನಗಬಹುದು. ಬೆಲ್ಟ್ ಮಾತ್ರ ಬಿಚ್ಚಿಬಿಡಬೇಡಿ, ಹಲವು ಗಾಡಿಗಳಲ್ಲಿ ಅದೇ ಬೆಲ್ಟು ರೇಡಿಯೇಟರ್ ಫ್ಯಾನನ್ನೂ ನೀರಿನ ಪಂಪನ್ನೂ ತಿರುಗಿಸುತ್ತದೆ. ಸತ್ತ ಡೈನಮೋ ಬರೀ ಬೆಲ್ಟ್ ಬಿಗಿಯುವ ರಾಟೆಯಾಗಿ ತಿರುಗುತ್ತಿರಲಿ, ಡಿ, ಎಫ್ ತಂತಿ ಬಿಚ್ಚಿ ಟೇಪ್ ಸುತ್ತಿ, ಬುಷ್ಷಿಗೆ ಎಣ್ಣೆ ತಪ್ಪಿಸಬೇಡಿ.

ಪೇಟೆಗೆ ಹೊರಡುವ ಮುಂಚೆ

ಡೈನಮೋ ಮೈಮೇಲಿನ ಸಂಖ್ಯೆಯನ್ನು ಮಸಿ ಒರೆಸಿ ಫೋಟೊ ತೆಗೆದುಕೊಳ್ಳಿ. ಪೆಟ್ಟಿಗೆಯ ಮುಚ್ಚಳ ತೆಗೆದು ಕಾಯಿಲ್ ಎರಡೋ ಮೂರೋ ನೋಡಿ. ಮೂರಿದ್ದರೆ ಅದು ಆರ್‌ಬಿ340 ಬಗೆ, ಟರ್ಮಿನಲ್ ಬೇರೆ, ಸೆಟ್ಟಿಂಗ್ ಕ್ರಮವೂ ಬೇರೆ. ಬೆಲ್ಟಿನ ಅಗಲ, ಪುಲ್ಲಿಯ ವ್ಯಾಸ, ಡೈನಮೋ ಕಿವಿಗಳ ನಡುವಿನ ಅಂತರವನ್ನು ಅಳೆದು ಬರೆದುಕೊಳ್ಳಿ. ಅರ್ತ್ ಯಾವುದೆಂದು ಬರೆಯಿರಿ. ಜೊತೆಗೆ 20 ವೋಲ್ಟಿನ ಪರೀಕ್ಷೆಯಲ್ಲಿ ಬಂದ ಅಂಕಿಯನ್ನೂ ಬರೆದು, ‘ಡೈನಮೋ ಹೋಗಿದೆ’ ಅನ್ನುವ ಬದಲು ‘ಡಿ-ಎಫ್ ಜೋಡಿಸಿದರೆ ನಾಲ್ಕೇ ವೋಲ್ಟ್ ಬರುತ್ತಿದೆ’ ಎಂದು ಮಾತು ಶುರು ಮಾಡಿ. ಕೆಲಸ ಮುಗಿದು ಗಾಡಿ ಮನೆಗೆ ಬಂದ ಮೇಲೆ, ಸೋಲಾರ್ ಒಂದನ್ನು ಬಿಟ್ಟು ಯಾವ ದಾರಿ ಹಿಡಿದಿದ್ದರೂ, ಇಪ್ಪತ್ತು ನಿಮಿಷ ಕೆಲಸದ ವೇಗದಲ್ಲಿ ಓಡಿಸಿ ಬ್ಯಾಟರಿ ತುದಿಗಳಲ್ಲಿ ಅಳೆಯಿರಿ: ದೀಪ ಆರಿಸಿದಾಗ 13.8ರಿಂದ 14.5. ದೀಪ ಹಾಕಿದಾಗ 13ಕ್ಕಿಂತ ಇಳಿದರೆ, ಇಲ್ಲವೇ 15 ದಾಟಿ ಬ್ಯಾಟರಿ ಕುದಿಯುವ ವಾಸನೆ ಬಂದರೆ, ಅದೇ ದಿನ ಗಾಡಿಯನ್ನು ವಾಪಸ್ ಒಯ್ಯಿರಿ.